ಕೆಟ್ಟ ಕಾಯಿಗೂ ಕೂಲಿ: ಬ್ಯಾಡಗಿಯ ಮೆಣಸಿನಕಾಯಿ ಘಟಕವೊಂದರ ಮೇಲ್ವಿಚಾರಕಿಯ ಪ್ರಕರಣ

ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೊರವಲಯದಲ್ಲಿ, ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ವಿಂಗಡಿಸಿ, ಮಸಾಲೆ ಕಂಪನಿಗಳಿಗೂ ರಫ್ತುದಾರರಿಗೂ ಕಳಿಸುವ ಮಧ್ಯಮ ಗಾತ್ರದ ಒಂದು ಘಟಕವಿದೆ. ಅಲ್ಲಿ ಹಲವು ವರ್ಷ ನೆಲದ ಮೇಲೆ ಕುಳಿತು ತೊಟ್ಟು ಬಿಡಿಸಿದ ಮಹಿಳೆಯೊಬ್ಬರನ್ನು ಮಾಲೀಕರು ಮೇಲ್ವಿಚಾರಕಿಯನ್ನಾಗಿ ನೇಮಿಸಿದರು. ಮೊದಲ ಹಂಗಾಮಿನಲ್ಲಿ ಅವರ ಕೈಕೆಳಗೆ ಕೆಲಸ ಕೆಟ್ಟಿತು. ಎರಡನೆಯ ಹಂಗಾಮಿನಲ್ಲಿ ಸುಧಾರಿಸಿತು. ಆದರೆ ಸುಧಾರಣೆಯ ಮೊದಲ ಕುರುಹಾಗಿ ಲೆಕ್ಕದ ಪುಸ್ತಕದಲ್ಲಿ ಕಂಡದ್ದು ಹಿಂದಿಗಿಂತ ಕೆಟ್ಟ ಅಂಕಿಗಳು. ಉದ್ಯೋಗದ ಸ್ಥಳದಲ್ಲಿ ನಾಯಕತ್ವ ಹೇಗೆ ಬೆಳೆಯುತ್ತದೆ ಎಂಬುದನ್ನು ತಿಳಿಯಲು ಈ ಒಂದು ವಿರೋಧಾಭಾಸವನ್ನು ಬಿಡಿಸಿ ನೋಡುವುದು ಅಗತ್ಯವೆನಿಸಿದ್ದರಿಂದ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಸಣ್ಣ ಉದ್ದಿಮೆಗಳ ಮೇಲ್ವಿಚಾರಕರಿಗೆ ತರಬೇತಿ ಕೊಡುವ ಕೆಲಸದಲ್ಲಿರುವ ನನಗೆ ಅಲ್ಲಿನವರು ಮನಬಿಚ್ಚಿ ಮಾತನಾಡಿದ್ದರಿಂದ, ಘಟಕದ ಹೆಸರನ್ನಾಗಲಿ ವ್ಯಕ್ತಿಗಳ ಹೆಸರನ್ನಾಗಲಿ ಇಲ್ಲಿ ಕೊಟ್ಟಿಲ್ಲ.

ಕೆಲಸದ ಸ್ವರೂಪ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಉದ್ದಕ್ಕೆ ತೆಳ್ಳಗಿದ್ದು ಮೈತುಂಬ ಸುಕ್ಕಿರುವ ಕಡ್ಡಿ, ಗಿಡ್ಡಗೆ ದುಂಡಗಿರುವ ಡಬ್ಬಿ, ಈ ಎರಡೂ ಬಗೆಗಳಿಗೆ ಬೇಡಿಕೆ ಬಂದಿರುವುದು ಮುಖ್ಯವಾಗಿ ಬಣ್ಣದಿಂದ. ಖಾರ ಕಡಿಮೆ, ಕೆಂಪು ಗಾಢ. ಈ ಕೆಂಪನ್ನು ಓಲಿಯೋರೆಸಿನ್ ಎಂಬ ದಪ್ಪ ಸಾರದ ರೂಪದಲ್ಲಿ ತೆಗೆದು ಆಹಾರಕ್ಕೂ ಸೌಂದರ್ಯ ಸಾಮಗ್ರಿಗಳಿಗೂ ಬಳಸುತ್ತಾರೆ. ಎಪಿಎಂಸಿ ಪ್ರಾಂಗಣದಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್ ನಡೆಯುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳುಗಳ ಭರದಲ್ಲಿ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲಗಳು ಬರುವುದುಂಟು. ಸುತ್ತಲಿನ ಜಿಲ್ಲೆಗಳ ಕಾಯಿಯ ಜೊತೆಗೆ ಬಳ್ಳಾರಿ, ರಾಯಚೂರು ಕಡೆಯಿಂದಲೂ ಆಂಧ್ರಪ್ರದೇಶದಿಂದಲೂ ಮಾಲು ಬರುತ್ತದೆ. ಬಿಸಿಲು, ಸೆಕೆಗೆ ಬಣ್ಣ ಇಳಿಯುವುದರಿಂದ ಊರ ಸುತ್ತ ಶೀತಲಗೃಹಗಳು ಎದ್ದಿವೆ, ಹಂಗಾಮು ಮುಗಿದ ಮೇಲೂ ಅಲ್ಲಿಂದ ಚೀಲಗಳನ್ನು ತೆಗೆಸಿ ಕೆಲಸ ನಡೆಸುತ್ತಾರೆ.

ತೊಟ್ಟು ಬಿಡಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಹತ್ತಿರದ ಹಳ್ಳಿಗಳಿಂದ ಗುಂಪುಗಳಾಗಿ ಟಂಟಂಗಳಲ್ಲಿ ಬರುತ್ತಾರೆ, ತಲೆಗೂ ಮೂಗಿಗೂ ಬಟ್ಟೆ ಸುತ್ತಿಕೊಂಡು ರಾಶಿಯ ಮುಂದೆ ಕೂರುತ್ತಾರೆ. ಎಡಗೈಯಲ್ಲಿ ಕಾಯಿ, ಬಲಗೈ ಹೆಬ್ಬೆರಳು ತೊಟ್ಟಿನ ಬುಡಕ್ಕೆ. ಒಂದು ಚಿವುಟಿಗೆ ತೊಟ್ಟು ಟೋಪಿಯ ಸಮೇತ ಕಿತ್ತು ಬರುತ್ತದೆ, ಕಾಯಿ ಮುರಿಯಬಾರದು, ಬೀಜ ಚೆಲ್ಲಬಾರದು. ಘಾಟಿಗೆ ಸೀನು ನಿಲ್ಲುವುದಿಲ್ಲ. ಸಂಜೆ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚಿ ಕೈ ಉಜ್ಜಿ ತೊಳೆಯಬೇಕು. ಕೂಲಿ ತೂಕದ ಲೆಕ್ಕದಲ್ಲಿ: ತೊಟ್ಟು ಬಿಡಿಸಿ ಶುದ್ಧವಾದ ಕಾಯಿಯ ಇಷ್ಟು ಕಿಲೋಗೆ ಇಷ್ಟು ರೂಪಾಯಿ.

ಈ ಪ್ರಕರಣಕ್ಕೆ ಅತ್ಯಗತ್ಯವಾದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಒಣ ಮೆಣಸಿನಕಾಯಿಯಲ್ಲಿ ತೇವ ಉಳಿದರೆ ಆಸ್ಪರ್ಜಿಲಸ್ ಜಾತಿಯ ಬೂಸ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ಈ ವಿಷ ಒಗ್ಗರಣೆಯ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ, ಕಾಯಿಯನ್ನು ಪುಡಿ ಮಾಡಿದರೆ ಚದುರುತ್ತದೆಯೇ ಹೊರತು ಹೋಗುವುದಿಲ್ಲ. ಐರೋಪ್ಯ ಒಕ್ಕೂಟವು ಮೆಣಸಿನಕಾಯಿಗೆ ಅಫ್ಲಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಟಾಕ್ಸಿನ್ 10 ಮೈಕ್ರೋಗ್ರಾಂ ಎಂಬ ಮಿತಿ ಹಾಕಿದೆ. ರಫ್ತಾಗುವ ಮೆಣಸಿನಕಾಯಿಗೆ ಕೇಂದ್ರ ಸರ್ಕಾರದ ಸ್ಪೈಸಸ್ ಬೋರ್ಡ್‌ನ ಕಡ್ಡಾಯ ಪರೀಕ್ಷೆಯೂ ಇದೆ. ತೊಡಕೆಂದರೆ ಈ ವಿಷ ಲಾಟಿನಲ್ಲಿ, ಅಂದರೆ ಒಟ್ಟಿಗೆ ಬಂದ ಚೀಲಗಳ ಒಂದು ಕಂತಿನಲ್ಲಿ, ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಯಿಗಳಲ್ಲಿ ವಿಪರೀತವಾಗಿರುತ್ತದೆ, ಉಳಿದವುಗಳಲ್ಲಿ ಇರುವುದೇ ಇಲ್ಲ. ಆದ್ದರಿಂದ ನಾಲ್ಕು ಮೂಲೆಯಿಂದ ತೆಗೆದ ಮಾದರಿ ಪಾಸಾಗಿ ಲಾಟು ಮಾತ್ರ ಕೆಟ್ಟಿರುವ ಸಾಧ್ಯತೆ ಸದಾ ಉಂಟು. ಹೊಲದಿಂದ ಹಿಡಿದು ಗಿರಣಿಯವರೆಗಿನ ಹಾದಿಯಲ್ಲಿ ಒಂದೊಂದು ಕಾಯಿಯೂ ಬಿಡಿಯಾಗಿ ಮನುಷ್ಯರ ಕೈಯಲ್ಲಿ ಹಾಯುವ, ಅದರ ಬಾಯಿ ತೆರೆದು ಒಳಗಿನದು ಒಂದಿಷ್ಟಾದರೂ ಕಾಣುವ ಜಾಗ ತೊಟ್ಟು ಬಿಡಿಸುವ ಜಾಗ. ಅಂದರೆ ಇಡೀ ವ್ಯಾಪಾರದಲ್ಲಿ ಕೆಟ್ಟ ಕಾಯಿಯ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದಿರುವವರು, ಎಲ್ಲರಿಗಿಂತ ಕಡಿಮೆ ಕೂಲಿಯ ಆ ಹೆಂಗಸರು.

ನೇಮಕ ಮತ್ತು ಮೊದಲ ಹಂಗಾಮು

ಹಳೆಯ ಮೇಸ್ತ್ರಿ ವಯಸ್ಸಾಗಿ ಕೆಲಸ ಬಿಟ್ಟಾಗ ಮಾಲೀಕರು ಈ ಮಹಿಳೆಯನ್ನು ಆರಿಸಿದ್ದಕ್ಕೆ ಕಾರಣ ಸರಳವಾಗಿತ್ತು. ಅವರ ಕೈ ಎಲ್ಲರಿಗಿಂತ ಚುರುಕು, ರಜೆ ಹಾಕುವವರಲ್ಲ, ಏಳನೆಯ ಇಯತ್ತೆಯವರೆಗೆ ಓದಿದ್ದರಿಂದ ಚೀಟಿ ಓದಬಲ್ಲರು. ಮರುದಿನದಿಂದಲೇ ಅವರು ರಾಶಿಗಳ ನಡುವೆ ಓಡಾಡತೊಡಗಿದರು. ಅವರಿಗೆ ಏನು ಮಾಡಬೇಕೆಂದು ಹೇಳಿದವರು ಬಹಳ, ಏನು ನಿರ್ಧರಿಸಬಹುದೆಂದು ಹೇಳಿದವರು ಯಾರೂ ಇಲ್ಲ. ಯಾರನ್ನು ಯಾವ ರಾಶಿಗೆ ಕೂಡಿಸಬೇಕು ಎಂಬುದನ್ನು ಬಿಟ್ಟರೆ, ತೂಕ ಗುಮಾಸ್ತನ ಕೈಯಲ್ಲಿ, ಕೂಲಿಯ ದರ ಮಾಲೀಕರ ಕೈಯಲ್ಲಿ, ಯಾವ ಲಾಟು ಮೊದಲು ತೆರೆಯಬೇಕೆಂಬುದು ಗೋದಾಮಿನವರ ಕೈಯಲ್ಲಿ ಇತ್ತು. ನನ್ನ ಅಭಿಪ್ರಾಯದಲ್ಲಿ ಮೊದಲ ಹಂಗಾಮಿನ ಸೋಲಿನ ದೊಡ್ಡ ಪಾಲು ಇಲ್ಲಿಯದು. ಹೊಣೆಯನ್ನು ಪೂರ್ತಿ ಹೊರಿಸಿ ಅಧಿಕಾರವನ್ನು ಕೊಡದೆ ಇಟ್ಟುಕೊಳ್ಳುವ ಪದ್ಧತಿ ನಮ್ಮ ಸಣ್ಣ ಉದ್ದಿಮೆಗಳಲ್ಲಿ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಯಾರೂ ದೋಷವೆಂದು ಗುರುತಿಸುವುದೇ ಇಲ್ಲ.

ಮಾರ್ಚ್ ತಿಂಗಳಲ್ಲಿ ಒಬ್ಬ ದೊಡ್ಡ ಖರೀದಿದಾರರಿಗೆ ಹೋದ ಲಾಟು ತಿರುಗಿ ಬಂತು. ಒಡೆದ ಕಾಯಿಯ ಒಳಗೆ ಬೂಸ್ಟು ಸಿಕ್ಕಿತ್ತು. ಸಾಗಾಣಿಕೆಯ ಖರ್ಚು ಹೋಯಿತು, ಹೆಸರೂ ಹೋಯಿತು. ಮಾಲೀಕರು ಎಲ್ಲರ ಎದುರಿಗೆ ಮೇಲ್ವಿಚಾರಕಿಗೆ ಬೈದರು. ಬೈಸಿಕೊಂಡವರು ಎರಡು ಕೆಲಸ ಮಾಡಿದರು. ಒಂದು, ಅದೇ ಬೈಗುಳವನ್ನು ಕೆಳಗೆ ದಾಟಿಸಿದರು. ಯಾರ ರಾಶಿಯಲ್ಲಿ ಕೆಟ್ಟ ಕಾಯಿ ಕಂಡಿತೋ ಅವರ ತೂಕದಲ್ಲಿ ಕಡಿತ ಹಾಕಿಸಿದರು. ಎರಡು, ಸಂಜೆ ಎಲ್ಲರೂ ಹೋದ ಮೇಲೆ ತಾವೊಬ್ಬರೇ ದೀಪದ ಕೆಳಗೆ ಕುಳಿತು ತುಂಬಿದ ಚೀಲಗಳನ್ನು ಬಿಚ್ಚಿ ಕೈಯಾಡಿಸಿ ಹುಡುಕತೊಡಗಿದರು.

ಎರಡನೆಯದನ್ನು ಹೊರಗಿನಿಂದ ನೋಡಿದವರು ನಿಷ್ಠೆ ಎಂದು ಮೆಚ್ಚುತ್ತಾರೆ. ನಿಷ್ಠೆ ಇದ್ದದ್ದು ನಿಜ. ಆದರೆ ನೂರಾರು ಚೀಲಗಳ ಮಾಲನ್ನು ಒಬ್ಬರ ಎರಡು ಕಣ್ಣು ಕಾಯಲಾರವು. ಅದಕ್ಕಿಂತ ಮುಖ್ಯವಾಗಿ, ಚುರುಕಾದ ಕೆಲಸಗಾರ್ತಿಯಾಗಿ ತಾವು ಗೆದ್ದಿದ್ದ ಕೆಲಸಕ್ಕೇ ಅವರು ಕಷ್ಟಕಾಲದಲ್ಲಿ ಮರಳಿದ್ದರು. ಕೈಕೆಲಸದಲ್ಲಿ ಪಳಗಿ ಮೇಲೆ ಬಂದವರಲ್ಲಿ ಹೆಚ್ಚಿನವರು ಮೊದಲ ವರ್ಷ ಹೀಗೆ ಮಾಡುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ಲೇಥ್ ನಡೆಸುತ್ತಿದ್ದವರು ಸೂಪರ್‌ವೈಸರ್ ಆದ ಮೇಲೂ ಹುಡುಗರನ್ನು ಪಕ್ಕಕ್ಕೆ ಸರಿಸಿ ತಾವೇ ಜಾಬ್ ಸೆಟ್ ಮಾಡುವುದನ್ನು ನಾನು ಮೇಲಿಂದ ಮೇಲೆ ಕಂಡಿದ್ದೇನೆ. ಮಾಡಿದ ಕೆಲಸ ಕೈಗೆ ಸಿಗುತ್ತದೆ, ಎಣಿಸಬಹುದು; ಇತರರು ಚೆನ್ನಾಗಿ ಮಾಡುವಂತೆ ಅನುವು ಮಾಡುವ ಕೆಲಸ ಕಣ್ಣಿಗೆ ಕಾಣಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ತಾನು ಏನೂ ಮಾಡುತ್ತಿಲ್ಲವೆಂಬ ಅಳುಕು ಕಾಡುತ್ತದೆ.

ಕಡಿತದ ಪರಿಣಾಮ ಬೇಗನೆ ಕಂಡಿತು. ರಾಶಿಯ ಪಕ್ಕದ ಕೆಟ್ಟ ಕಾಯಿಯ ಬುಟ್ಟಿಗಳು ಬರಿದಾದವು. ಮಾಲೀಕರು ಅದನ್ನು ಸುಧಾರಣೆ ಎಂದು ತಿಳಿದರು. ಹಂಗಾಮಿನ ಕೊನೆಗೆ ಇನ್ನೊಂದು ಲಾಟು ತಿರುಗಿ ಬಂತು.

ಮಧ್ಯಾಹ್ನದ ಒಂದು ಮಾತು

ಮಳೆಗಾಲದಲ್ಲಿ ಶೀತಲಗೃಹದ ಮಾಲಿನ ಕೆಲಸ ನಡೆಯುವಾಗ ಜನ ಕಡಿಮೆ, ಗಡಿಬಿಡಿಯೂ ಕಡಿಮೆ. ಮೇಲ್ವಿಚಾರಕಿಯಾದ ಮೇಲೆ ಅವರು ಬುತ್ತಿಯನ್ನು ತೂಕದ ಕೋಣೆಯಲ್ಲಿ ಉಣ್ಣುತ್ತಿದ್ದರು. ಆ ದಿನಗಳಲ್ಲಿ ಮತ್ತೆ ಹೆಂಗಸರ ಪಂಕ್ತಿಯಲ್ಲಿ ಕೂರತೊಡಗಿದರು. ಒಂದು ಹಳ್ಳಿಯ ಗುಂಪನ್ನು ಕರೆತರುವ ಹಿರಿಯ ಹೆಣ್ಣುಮಗಳೊಬ್ಬರನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಾರೆ. ರೊಟ್ಟಿ ಮುರಿಯುತ್ತ ಮೇಲ್ವಿಚಾರಕಿ ಅವರನ್ನು ಕೇಳಿದರು: “ದೊಡ್ಡವ್ವಾ, ಕೆಟ್ಟ ಕಾಯಿ ನಿಮ್ಮ ಕೈಗೆ ಸಿಗಲಿಲ್ಲೇನು, ಸಿಕ್ಕರೂ ಸುಮ್ಮನಾದ್ರೇನು?”

ದೊಡ್ಡವ್ವ ನೇರವಾಗಿಯೇ ಉತ್ತರಿಸಿದರು: “ಸಿಗತಾವ ಮಗಳ, ಯಾಕ ಸಿಗೂದಿಲ್ಲ. ತೊಟ್ಟು ಕಿತ್ತ ಕೂಡ್ಲೆ ಬೂದಿ ಹಾರ್ತೈತಿ, ಗೊತ್ತಾಗ್ತೈತಿ. ತಗದು ಬಾಜೂಕ ಇಟ್ರ ನನ್ನ ತೂಕ ಇಳೀತೈತಿ. ಬುಟ್ಟಿ ತುಂಬಿದ್ರ ನೀ ಬಂದು ಇದು ಯಾರ ರಾಶಿ ಅಂತ ಕೇಳ್ತಿ. ಎರಡೂ ಕಡೆ ನನಗ ಲುಕ್ಸಾನು. ಹಿಂಗಿದ್ದಾಗ ನಾ ಯಾಕ ತಗದು ತೋರಸ್ಲಿ?”

ಆ ಮಾತಿನಲ್ಲಿ ದೂರು ಇರಲಿಲ್ಲ, ಲೆಕ್ಕವಿತ್ತು. ಕೆಟ್ಟ ಕಾಯಿಯನ್ನು ಗುರುತಿಸಿ ಬೇರ್ಪಡಿಸಲು ಒಳ್ಳೆಯ ಕಾಯಿಯ ತೊಟ್ಟು ಬಿಡಿಸುವುದಕ್ಕಿಂತ ಹೆಚ್ಚು ಹೊತ್ತು ಬೇಕು, ಆ ಹೊತ್ತಿಗೆ ಕೂಲಿ ಇಲ್ಲ. ಬೇರ್ಪಡಿಸಿದ ಮೇಲೆ ಅದರ ತೂಕವೂ ಇಲ್ಲ. ಅದರ ಮೇಲೆ ಕಡಿತದ ಭಯ. ಸತ್ಯ ಹೇಳುವುದಕ್ಕೆ ಆ ಅಂಗಳದಲ್ಲಿ ದಂಡವಿತ್ತು, ಸುಮ್ಮನಿರುವುದಕ್ಕೆ ಕೂಲಿಯಿತ್ತು. ಆ ದಂಡವನ್ನು ವಿಧಿಸುತ್ತಿದ್ದವರಲ್ಲಿ ತಾವೂ ಒಬ್ಬರೆಂದು ಮೇಲ್ವಿಚಾರಕಿಗೆ ಆಗ ಸ್ಪಷ್ಟವಾಯಿತು. ತಾವೇ ರಾಶಿಯ ಮುಂದೆ ಕುಳಿತಿದ್ದ ವರ್ಷಗಳಲ್ಲಿ ಕೆಟ್ಟ ಕಾಯಿ ಸಿಕ್ಕಾಗ ಏನು ಮಾಡುತ್ತಿದ್ದಿರಿ ಎಂದು ನಾನು ಅವರನ್ನು ಕೇಳಿದೆ. “ನಾನೂ ಒಳ್ಳೇದ್ರಾಗ ಸೇರಸ್ತಿದ್ನಿರಿ” ಎಂದರು.

ನಾಯಕತ್ವದ ತರಬೇತಿಗಳಲ್ಲಿ ಮಾತುಗಾರಿಕೆ, ಆತ್ಮವಿಶ್ವಾಸ, ಮುಖದ ಮೇಲಿನ ನಗು, ಇವುಗಳಿಗೆ ಸಿಗುವ ಸಮಯ ಕೂಲಿಯ ಲೆಕ್ಕಕ್ಕೆ ಸಿಗುವುದಿಲ್ಲ. ಈ ಮಹಿಳೆ ಇನ್ನಷ್ಟು ಮೃದುವಾಗಿ ಮಾತನಾಡಿದ್ದರೂ, ಪ್ರತಿದಿನ ಬೆಳಿಗ್ಗೆ ಎಲ್ಲರನ್ನೂ ಕೂಡಿಸಿ ಹುರಿದುಂಬಿಸಿದ್ದರೂ, ದೊಡ್ಡವ್ವನ ಲೆಕ್ಕ ಬದಲಾಗುತ್ತಿರಲಿಲ್ಲ. ಕೆಳಗಿನವರು ಕಂಡದ್ದನ್ನು ಹೇಳಿದರೆ ಅವರಿಗೆ ಏನಾಗುತ್ತದೆ ಎಂಬುದನ್ನು ಬದಲಾಯಿಸುವುದೇ ಇಲ್ಲಿ ನಾಯಕಿಯ ಕೆಲಸವಾಗಿತ್ತು. ಅದಕ್ಕೆ ಬೇಕಾದ ಅಧಿಕಾರ ಅವರ ಬಳಿ ಇರಲಿಲ್ಲ, ಮೇಲಿನಿಂದ ಕೇಳಿ ತರಬೇಕಿತ್ತು.

ಮಾಲೀಕರೊಂದಿಗೆ ಮಾತುಕತೆ

ಎರಡನೆಯ ಹಂಗಾಮು ಶುರುವಾಗುವ ಮುನ್ನ ಅವರು ಮಾಲೀಕರ ಮುಂದೆ ಇಟ್ಟ ಬೇಡಿಕೆ ಒಂದೇ: ಕೆಟ್ಟ ಕಾಯಿಯನ್ನೂ ತೂಗಿ, ಅದನ್ನು ತೆಗೆದವರ ಲೆಕ್ಕಕ್ಕೆ ಹಚ್ಚಬೇಕು, ಒಳ್ಳೆಯ ಕಾಯಿಗಿರುವ ದರವನ್ನೇ ಕೊಡಬೇಕು, ಕಡಿತ ನಿಲ್ಲಬೇಕು.

ಮಾಲೀಕರು ಒಪ್ಪಲಿಲ್ಲ. ಅವರ ಆಕ್ಷೇಪವೂ ತಳ್ಳಿಹಾಕುವಂಥದ್ದಲ್ಲ. “ನೋಡವಾ, ಕೆಟ್ಟದ್ದಕ್ಕೂ ರೊಕ್ಕ ಕೊಟ್ರ ಒಳ್ಳೇದನ್ನೂ ಕೆಟ್ಟದ್ರಾಗ ಒಗೀತಾರ. ಮುರುದದ್ದು, ತುಣುಕು, ಎಲ್ಲಾ ಅದ್ರಾಗ ಬರ್ತೈತಿ. ಮಾಲು ನಂದು ಹೋಕ್ಕೈತಿ” ಎಂಬುದು ಅವರ ಮಾತು. ತೂಕದ ಗುಮಾಸ್ತನೂ ಅದಕ್ಕೆ ದನಿಗೂಡಿಸಿದ, ಅವನಿಗೆ ಇದು ದಿನಕ್ಕೆ ಎರಡು ತೂಕ, ಎರಡು ಚೀಟಿ.

ಮೇಲ್ವಿಚಾರಕಿ ಒಂದು ವಾರ ಸುಮ್ಮನಿದ್ದು ಉತ್ತರ ತಂದರು. ಸಂಜೆ ತೂಕಕ್ಕೆ ಮುನ್ನ ಪ್ರತಿ ಗುಂಪಿನ ಕೆಟ್ಟ ಕಾಯಿಯ ಬುಟ್ಟಿಯಿಂದ ಒಂದು ಹಿಡಿ ತೆಗೆದು, ಬೇರೆ ಗುಂಪಿನ ಇಬ್ಬರು ಎಲ್ಲರ ಎದುರಿಗೆ ಮೊರದಲ್ಲಿ ಹಾಕಿ ಒಡೆದು ನೋಡಬೇಕು. ಒಳ್ಳೆಯ ಕಾಯಿ ಹೆಚ್ಚು ಬಂದರೆ ಆ ಬುಟ್ಟಿಯನ್ನು ತೂಗದೆ ಹಿಂದಕ್ಕೆ ಕೊಟ್ಟು ಮತ್ತೆ ಆರಿಸಲು ಹೇಳಬೇಕು. ದಂಡವಿಲ್ಲ, ಬೈಗುಳವಿಲ್ಲ, ಮರು ಆಯ್ಕೆ ಮಾತ್ರ. ಈ ಉಪಾಯವನ್ನು ಕೊಟ್ಟವರು ದೊಡ್ಡವ್ವನ ಸೊಸೆ ಎಂದು ಅವರು ಮಾಲೀಕರಿಗೆ ಹೆಸರು ಹಿಡಿದು ಹೇಳಿದರು. ತಮ್ಮದೆಂದು ಹೇಳಿಕೊಳ್ಳಬಹುದಾಗಿದ್ದ ಮಾತನ್ನು ಹೇಳಿದವರ ಹೆಸರಿಗೇ ಬಿಟ್ಟದ್ದು ಸಣ್ಣ ಸಂಗತಿಯಾಗಿ ಕಾಣಬಹುದು; ಮುಂದೆ ಅಂಗಳದಿಂದ ಬಂದ ಎಲ್ಲ ಸುದ್ದಿಗೂ ದಾರಿ ಮಾಡಿಕೊಟ್ಟದ್ದು ಅದೇ ಎಂದು ನನಗೆ ಅನಿಸುತ್ತದೆ.

ಮಾಲೀಕರು ಪೂರ್ತಿ ಒಪ್ಪಲಿಲ್ಲ, ಪೂರ್ತಿ ತಳ್ಳಲೂ ಇಲ್ಲ. ರಫ್ತಿಗೆ ಹೋಗುವ ಲಾಟುಗಳಿಗೆ ಮಾತ್ರ ಪ್ರಯೋಗ ಮಾಡಿ ನೋಡೋಣವೆಂದರು. ಕೂಲಿಯ ವಿಷಯದಲ್ಲಿ ಕಾನೂನಿನ ಮಾತೂ ಬಂತು. ಆಗ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹೊತ್ತಿನ ಲೆಕ್ಕದ ಕನಿಷ್ಠ ಕೂಲಿ ಮಾತ್ರ ನಿಗದಿಯಾಗಿರುವ ಕೆಲಸದಲ್ಲಿ ತೂಕದ ಲೆಕ್ಕದವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಕೆಟ್ಟ ಲಾಟು ಸಿಕ್ಕ ದಿನ ಹೆಂಗಸರ ಕೂಲಿ ತೀರಾ ಇಳಿಯುವುದು ನ್ಯಾಯದ ಪ್ರಶ್ನೆಯಷ್ಟೇ ಆಗಿರದೆ ಕಾಯ್ದೆಯ ಪ್ರಶ್ನೆಯೂ ಆಗಬಹುದೆಂದು ಅವರ ಲೆಕ್ಕಪರಿಶೋಧಕರು ತಿಳಿಸಿದ ಮೇಲೆ ಮಾಲೀಕರು ಮೆತ್ತಗಾದರು.

ಅಂಕಿಗಳು ಕೆಟ್ಟವು

ಹೊಸ ಪದ್ಧತಿ ಬಂದ ಮೊದಲ ವಾರಗಳಲ್ಲಿ ಕೆಟ್ಟ ಕಾಯಿಯ ಬುಟ್ಟಿಗಳು ತುಂಬಿ ತುಳುಕಿದವು. ಹಿಂದಿನ ವರ್ಷದ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಘಟಕ ಹದಗೆಟ್ಟಂತೆಯೇ ಕಾಣುತ್ತಿತ್ತು. ಮಾಲೀಕರು ಸಿಟ್ಟಿಗೆದ್ದರು. ಹಿಂದೆ ಇಲ್ಲದ ಕೆಟ್ಟ ಕಾಯಿ ಈಗೆಲ್ಲಿಂದ ಬಂತು, ಹೆಂಗಸರು ಒಳ್ಳೆಯದನ್ನೂ ಒಗೆಯುತ್ತಿದ್ದಾರೆ ಎಂಬ ತಮ್ಮ ಮಾತೇ ನಿಜವಾಯಿತಲ್ಲ ಎಂದು ಕೇಳಿದರು.

ಇಂಥ ಸಂದರ್ಭವನ್ನು ಅಧ್ಯಯನವೊಂದು ಬಹಳ ಹಿಂದೆಯೇ ಗುರುತಿಸಿದೆ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಪರಿಶೀಲಿಸಿದಾಗ, ನಾಯಕತ್ವ ಚೆನ್ನಾಗಿದ್ದ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂಬುದಕ್ಕಿಂತ, ಆದ ತಪ್ಪನ್ನು ಅಂಜದೆ ಹೇಳುತ್ತಿದ್ದರು ಎಂಬುದೇ ಅದರ ವಿವರಣೆಯಾಗಿತ್ತು. ಇದರ ಮುಂದುವರಿಕೆಯಾಗಿ 1999ರಲ್ಲಿ ಅವರು ತಂಡದೊಳಗಿನ ಮಾನಸಿಕ ಸುರಕ್ಷತೆಯ, ಅಂದರೆ ಕಂಡದ್ದನ್ನು ಹೇಳಿದರೆ ತೊಂದರೆಯಾಗದೆಂಬ ಭರವಸೆಯ ಬಗ್ಗೆ ಬರೆದದ್ದು ಈಗ ನಾಯಕತ್ವದ ಪಾಠಗಳಲ್ಲೆಲ್ಲ ಬರುತ್ತದೆ. ಬ್ಯಾಡಗಿಯ ಮೇಲ್ವಿಚಾರಕಿ ಇದನ್ನೆಲ್ಲ ಕೇಳಿದವರಲ್ಲ. ಆದರೆ ಅವರು ಆಗ ಮಾಡಿದ್ದು ಪಾಠದಲ್ಲಿ ಸಿಗದಂಥದು.

ಅವರು ಮಾಲೀಕರನ್ನು ಅಂಗಳಕ್ಕೆ ಕರೆತಂದರು. ಅದೇ ಲಾಟಿನ, ಇನ್ನೂ ಹೊಲಿಗೆ ಬಿಚ್ಚದ ಒಂದು ಚೀಲವನ್ನು ಅವರ ಎದುರಿಗೇ ಬಿಚ್ಚಿಸಿದರು. ಮೇಲಿನ ಪದರದ ಕಾಯಿ ಕೆಂಪಗೆ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ನಡುವಿನಿಂದ ತೆಗೆದ ಕಾಯಿಗಳೂ ಹೊರಗಿನಿಂದ ಹಾಗೆಯೇ ಇದ್ದವು, ತೊಟ್ಟಿನ ಬಳಿ ಮಾತ್ರ ಬಣ್ಣ ತುಸು ಮಂಕು. ಮೇಲ್ವಿಚಾರಕಿ ಮಾತನಾಡದೆ ಒಂದೊಂದನ್ನೇ ಮಾಲೀಕರ ಕೈಗೆ ಕೊಟ್ಟು ಮುರಿಯಲು ಹೇಳಿದರು. ಒಂದರೊಳಗೆ ಬೀಜ ಹಳದಿಯಾಗಿ ಸಡಿಲವಾಗಿತ್ತು. ಮುಂದಿನದರಲ್ಲಿ ಬೀಜಗಳು ಒಂದಕ್ಕೊಂದು ಅಂಟಿಕೊಂಡು ಅವುಗಳ ಸುತ್ತ ಬೂದುಬಣ್ಣದ ಹತ್ತಿಯಂಥ ಪದರವಿತ್ತು; ಮುರಿದ ಕೂಡಲೇ ಸಣ್ಣ ಧೂಳು ಎದ್ದು ಬಿಸಿಲಿನ ಕೋಲಿನಲ್ಲಿ ನಿಂತಿತು, ಘಾಟಿನ ಜಾಗದಲ್ಲಿ ಹಸಿ ಮಣ್ಣಿನ ಮುಗ್ಗಲು ವಾಸನೆ ಬಂತು. ಆಮೇಲೆ ಅವರು ಕೆಟ್ಟ ಕಾಯಿಯ ಬುಟ್ಟಿಯನ್ನು ತಂದಿಟ್ಟು ಅದರಿಂದಲೂ ತೆಗೆದು ಮುರಿಯಲು ಹೇಳಿದರು. ಒಳ್ಳೆಯ ಕಾಯಿ ಅದರಲ್ಲಿ ಅಪರೂಪಕ್ಕೆ ಸಿಕ್ಕಿತು. ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮಾಲೀಕರು ಕೈ ಝಾಡಿಸಿ, “ಈ ಲಾಟು ಯಾವ ದಲಾಲಿ ಅಂಗಡೀದು?” ಎಂದು ಗುಮಾಸ್ತನನ್ನು ಕೇಳಿದರು.

ಪ್ರಕರಣದ ತಿರುವು ಆ ಪ್ರಶ್ನೆಯಲ್ಲಿದೆ. ಅಲ್ಲಿಯವರೆಗೆ ಕೆಟ್ಟ ಕಾಯಿ ಯಾವ ಹೆಂಗಸಿನ ರಾಶಿಯದು ಎಂದು ಕೇಳುತ್ತಿದ್ದ ಘಟಕ, ಅದು ಎಲ್ಲಿಂದ ಬಂತು ಎಂದು ಮೊದಲ ಬಾರಿಗೆ ಕೇಳಿತ್ತು. ಒಣಗಿದ ಕಾಯಿ ಚೀಲಕ್ಕೆ ತುಂಬುವಾಗ ಮುರಿಯದಿರಲೆಂದು ನೀರು ಚಿಮುಕಿಸುವ ರೂಢಿ ಹಲವೆಡೆ ಇದೆ, ತೂಕ ಬರಲೆಂದು ಚಿಮುಕಿಸುವವರೂ ಇದ್ದಾರೆ. ಹತ್ತು ಹನ್ನೊಂದು ಶೇಕಡಾ ತೇವದಲ್ಲಿ ಉಳಿಯಬೇಕಾದ ಮಾಲು ಹೀಗೆ ಒದ್ದೆಯಾಗಿ ಚೀಲದೊಳಗೆ ಬೇಯುತ್ತದೆ. ಕೆಟ್ಟ ಕಾಯಿಯ ತೂಕವನ್ನು ಲಾಟಿನ ನಂಬರಿನ ಜೊತೆಗೆ ಬರೆಯತೊಡಗಿದ ಮೇಲೆ ಯಾವ ಕಡೆಯ ಮಾಲಿನಲ್ಲಿ ದೋಷ ಹೆಚ್ಚು ಎಂಬುದು ಮಾಲೀಕರ ಕೈಗೆ ಬರಹದಲ್ಲಿ ಸಿಕ್ಕಿತು. ಟೆಂಡರಿಗೆ ಮುನ್ನ ಚೀಲದ ನಡುವಿನ ಕಾಯಿಯನ್ನು ಒಡೆದು ನೋಡುವುದನ್ನೂ, ತೇವಮಾಪಕ ಒಯ್ಯುವುದನ್ನೂ ಅವರು ಆರಂಭಿಸಿದರು. ಬುಟ್ಟಿಗಳು ಮೆಲ್ಲಗೆ ಇಳಿದವು, ಈ ಸಲ ನಿಜವಾಗಿ ಇಳಿದವು.

ಅಂಗಳದಿಂದ ಬಂದ ಇನ್ನೊಂದು ಸುದ್ದಿ

ಆ ವರ್ಷದ ಬೇಸಿಗೆಯ ಕೊನೆಗೆ ಒಬ್ಬ ಯುವತಿ ಮೇಲ್ವಿಚಾರಕಿಗೆ ಹೇಳಿದ ಮಾತು ಹಿಂದಿನ ವರ್ಷವಾಗಿದ್ದರೆ ಹೊರಬರುತ್ತಲೇ ಇರಲಿಲ್ಲ. ಶೀತಲಗೃಹದಿಂದ ತಂದ ಚೀಲದ ಹೊರಭಾಗದ ಕಾಯಿ ಬೆಳಿಗ್ಗೆ ಕೈಗೆ ಜಿಗಿಜಿಗಿ ಹತ್ತುತ್ತದೆ, ಮಧ್ಯಾಹ್ನ ತೆರೆದ ಚೀಲದಲ್ಲಿ ಹಾಗಿರುವುದಿಲ್ಲ ಎಂದು ಆಕೆ ತಿಳಿಸಿದಳು. ಕಾರಣ ಸರಳ. ತಣ್ಣಗಿನ ಕಾಯಿಯನ್ನು ಒಮ್ಮೆಲೇ ಬೇಸಿಗೆಯ ಸೆಕೆಗೆ ತಂದರೆ ಗಾಳಿಯ ತೇವ ಅದರ ಮೇಲೆ ಬೆವರಿನಂತೆ ಇಳಿಯುತ್ತದೆ. ಅದೇ ಸ್ಥಿತಿಯಲ್ಲಿ ತೊಟ್ಟು ಬಿಡಿಸಿ ಮತ್ತೆ ಚೀಲಕ್ಕೆ ತುಂಬಿದರೆ ಘಟಕವೇ ಬೂಸ್ಟಿಗೆ ಜಾಗ ಮಾಡಿಕೊಟ್ಟಂತೆ. ಅಂದರೆ ದೋಷ ಪೂರ್ತಿಯಾಗಿ ದಲಾಲರ ಕಡೆಯದಾಗಿರಲಿಲ್ಲ, ಒಂದು ಪಾಲು ತಮ್ಮದೇ ಆಗಿತ್ತು.

ಮೇಲ್ವಿಚಾರಕಿ ಗೋದಾಮಿನವರೊಂದಿಗೆ ಮಾತನಾಡಿ, ಚೀಲಗಳನ್ನು ಹಿಂದಿನ ದಿನವೇ ತರಿಸಿ ಒಂದರ ಮೇಲೊಂದು ಒಟ್ಟದೆ ನೆರಳಿನಲ್ಲಿ ಬಿಡಿಬಿಡಿಯಾಗಿ ನಿಲ್ಲಿಸಿ, ಮರುದಿನ ಹೊರಮೈ ಒಣಗಿದ ಮೇಲೆಯೇ ಬಿಚ್ಚುವ ಪದ್ಧತಿ ತಂದರು. ಗೋದಾಮಿನ ಗಂಡಸರು ಹೆಂಗಸೊಬ್ಬರ ಮಾತಿನಂತೆ ಲಾಟಿನ ಸರದಿ ಬದಲಿಸಲು ಮೊದಲು ಹಿಂಜರಿದರು. ಈ ಬಾರಿ ಮಾಲೀಕರು ತಾವೇ ಬಂದು, ಯಾವ ಲಾಟು ಯಾವಾಗ ತೆರೆಯಬೇಕೆಂಬುದನ್ನು ಅಕ್ಕಾರೇ ಹೇಳುತ್ತಾರೆ ಎಂದು ಎಲ್ಲರಿಗೂ ತಿಳಿಸಿದರು. ನೇಮಕವಾದ ದಿನ ಕೊಡಬೇಕಾಗಿದ್ದ ಅಧಿಕಾರ ಎರಡನೆಯ ವರ್ಷ ಕೈಗೆ ಬಂತು.

ಬೆಲೆ ತೆತ್ತದ್ದು ಮತ್ತು ಇನ್ನೂ ಬಗೆಹರಿಯದ್ದು

ಈ ಬದಲಾವಣೆ ಎಲ್ಲರಿಗೂ ಒಪ್ಪಿಗೆಯಾಯಿತೆಂದು ಬರೆದರೆ ಸುಳ್ಳಾದೀತು. ಮೇಲ್ವಿಚಾರಕಿಯ ಊರಿನದೇ ಒಂದು ಗುಂಪು ನಡುಹಂಗಾಮಿನಲ್ಲಿ ಬೇರೆ ಘಟಕಕ್ಕೆ ಹೋಯಿತು. ಸಂಜೆ ಬುಟ್ಟಿಯ ಕಾಯಿಯನ್ನು ಬೇರೆ ಊರಿನವರು ಒಡೆದು ನೋಡುವುದು ಅವರಿಗೆ ಅವಮಾನವೆನಿಸಿತ್ತು. ನಮ್ಮವಳಾಗಿ ನಮ್ಮನ್ನೇ ನಂಬಲಿಲ್ಲ ಎಂದು ಮದುವೆಯ ಮನೆಯಲ್ಲಿ ಆಡಿದ ಮಾತು ಮೇಲ್ವಿಚಾರಕಿಯ ಕಿವಿಗೂ ಬಿತ್ತು. ಒಂದೇ ಓಣಿಯ, ಒಂದೇ ಬಳಗದ ಜನರ ಮೇಲೆ ಮೇಲ್ವಿಚಾರಣೆ ಮಾಡುವ ಕಷ್ಟವನ್ನು ದೊಡ್ಡ ನಗರಗಳ ಕಚೇರಿಗಳಿಗಾಗಿ ಬರೆದ ಪಾಠಗಳು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆ ಗುಂಪಿನ ಮನೆಗಳಿಗೆ ಹೋಗಿ ಮಾತನಾಡಿಸಿ ಬಂದೆನೆಂದು ಅವರು ನನಗೆ ಹೇಳಿದರು. ಕೆಲವರು ಮರಳಿದ್ದಾರೆ, ಎಲ್ಲರೂ ಅಲ್ಲ.

ಲಾಟು ತಿರುಗಿ ಬಂದ ಸುದ್ದಿ ಬಂದಾಗ ಈಗಲೂ ಅವರಿಗೆ ಮೊದಲು ಹೊಳೆಯುವುದು ತಾವೇ ರಾಶಿಯ ಮುಂದೆ ಕೂರುವುದು. ಹಾಗೆ ಕುಳಿತದ್ದನ್ನು ನಾನೂ ನೋಡಿದ್ದೇನೆ. ವ್ಯತ್ಯಾಸವೆಂದರೆ ಸ್ವಲ್ಪ ಹೊತ್ತಿಗೆ ಎದ್ದು, ಗುಂಪುಗಳ ಹಿರಿಯರನ್ನು ಕರೆದು ಆ ಲಾಟಿನ ಚೀಟಿಯನ್ನು ಓದಿ ಹೇಳುತ್ತಾರೆ, ಆ ದಿನ ಏನು ಕಂಡಿತ್ತೆಂದು ಕೇಳುತ್ತಾರೆ, ಉತ್ತರ ಬರುವವರೆಗೆ ಕಾಯುತ್ತಾರೆ. ಕಾಯುವುದನ್ನು ಅವರು ಕಲಿತದ್ದು ಬಹಳ ಕಷ್ಟಪಟ್ಟು.

ಎರಡು ವಿಷಯಗಳು ಹಾಗೆಯೇ ಉಳಿದಿವೆ. ಮೊದಲನೆಯದು, ಕೆಟ್ಟ ಕಾಯಿಗೆ ಕೂಲಿ ಕೊಡುವ ಪದ್ಧತಿ ಇನ್ನೂ ರಫ್ತಿನ ಲಾಟುಗಳಿಗೆ ಮಾತ್ರ ಸೀಮಿತವಾಗಿದೆ. ಊರಿನ ಪೇಟೆಗೆ ಹೋಗುವ ಮಾಲಿಗೆ ಹಳೆಯ ಲೆಕ್ಕವೇ ನಡೆಯುತ್ತದೆ. ಹೊರದೇಶದವರ ತಟ್ಟೆಗೆ ತೋರುವ ಎಚ್ಚರವನ್ನು ಹುಬ್ಬಳ್ಳಿ, ಗದಗದ ಮನೆಗಳ ಮಸಾಲೆ ಡಬ್ಬಿಗೂ ತೋರಬೇಕೆಂದು ನಾನು ಮಾಲೀಕರಿಗೆ ಹೇಳಿದ್ದೇನೆ, ಮೇಲ್ವಿಚಾರಕಿಯೂ ಮತ್ತೆ ಮತ್ತೆ ಹೇಳುತ್ತಿದ್ದಾರೆ. ಖರ್ಚು ತಾಳುವುದಿಲ್ಲ ಎಂಬುದು ಮಾಲೀಕರ ಉತ್ತರ. ಲಾಟಿನ ಚೀಟಿಗಳಿಂದ ಖರೀದಿಯಲ್ಲಿ ಆದ ಉಳಿತಾಯವನ್ನು ಆ ಖರ್ಚಿನ ಎದುರಿಗಿಟ್ಟು ಲೆಕ್ಕ ಹಾಕಿ ಎಂದು ಕೇಳಿಕೊಂಡಿದ್ದೇವೆ, ಇನ್ನೂ ಹಾಕಿಲ್ಲ.

ಎರಡನೆಯದು, ಈ ವ್ಯವಸ್ಥೆಯೆಲ್ಲ ಒಬ್ಬರ ಮೇಲೆ ನಿಂತಿದೆ. ಅವರು ಕಾಯಿಲೆ ಬಿದ್ದ ವಾರದಲ್ಲಿ ಗುಮಾಸ್ತ ಕೆಟ್ಟ ಕಾಯಿಯ ತೂಕ ಬರೆಯುವುದನ್ನು ಬಿಟ್ಟಿದ್ದ, ಬುಟ್ಟಿಗಳೂ ಬರಿದಾಗಿದ್ದವು. ಇದನ್ನು ಕಂಡ ಮೇಲೆ ಅವರು ದೊಡ್ಡವ್ವನ ಸೊಸೆಗೆ ವಾರದಲ್ಲಿ ಎರಡು ದಿನ ಒಂದು ಸಾಲಿನ 'ಚಾರ್ಜು' ಕೊಟ್ಟಿದ್ದಾರೆ. ಆ ದಿನಗಳಲ್ಲಿ ಚೀಟಿ ಬರೆಯುವುದು, ಲಾಟು ತೆರೆಸುವುದು, ಸಂಜೆ ಕಾಯಿ ಒಡೆಸುವುದು ಆಕೆಯದೇ ನಿರ್ಧಾರ, ಇವರು ಆ ಸಾಲಿನ ಕಡೆ ಹೋಗುವುದಿಲ್ಲ. ಆಕೆ ತೊಟ್ಟು ಬಿಡಿಸದ ಆ ಎರಡು ದಿನಗಳ ಕೂಲಿಯನ್ನು ಯಾವ ಲೆಕ್ಕದಲ್ಲಿ ಕೊಡಬೇಕೆಂಬುದು ತೀರ್ಮಾನವಾಗಿಲ್ಲ. ಮುಂದಿನ ಹಂಗಾಮಿನ ಆವಕ ಶುರುವಾಗುವ ಮುನ್ನ ಆ ದರವನ್ನು ಬರಹದಲ್ಲಿ ಕೊಡಿ, ಇಲ್ಲವಾದರೆ ಆಕೆಯನ್ನು ರಾಶಿಗೇ ಕೂಡಿಸುತ್ತೇನೆ ಎಂದು ಮೇಲ್ವಿಚಾರಕಿ ಮಾಲೀಕರಿಗೆ ತಿಳಿಸಿದ್ದಾರೆ.